ಕಪ್ಪು ದಾರದ ಗುರುತು

ಬಸ್ಸಿನಲ್ಲಿ ಮುಂದೆ ಕೂತವನ ಕಾಲರ್ ನೋಡಬಾರದೆಂದು ಹಾಲಸ್ವಾಮಿ ಮೂರನೆಯ ಸಲ ಕಿಟಕಿಯ ಕಡೆ ಮುಖ ತಿರುಗಿಸಿದ. ಇಪ್ಪತ್ತೆರಡು ವರ್ಷ ಅಂಗಿ ಹೊಲಿದವನ ಕಣ್ಣು, ತಿರುಗು ಅಂದರೆ ತಿರುಗುತ್ತದೆಯೆ? ಒಂದು ಫರ್ಲಾಂಗು ಹೋಗುವುದರಲ್ಲಿ ಮತ್ತೆ ಅಲ್ಲಿಗೇ ಬಂದು ಕೂತಿತು. ಯಾವನೋ ಅವಸರದವನ ಕೆಲಸ. ಬಲಗಡೆಯ ತುದಿ ಮೇಲಕ್ಕೆದ್ದಿದೆ, ಗಟ್ಟಿ ನಿಲ್ಲಲೆಂದು ಒಳಗಿಟ್ಟ ಬಕ್ರಂ ಬಟ್ಟೆ ಮಡಚಿಕೊಂಡು ಕತ್ತಿನ ಹಿಂದೆ ಗೆರೆ ಬಿದ್ದಿದೆ, ಮೇಲಿನ ಬಟ್ಟೆ ಒಂದು ದಿಕ್ಕು, ಒಳಗಿನದು ಇನ್ನೊಂದು ದಿಕ್ಕು, ಜಗಳವಾಡಿ ಮಲಗಿದ ಗಂಡ ಹೆಂಡಿರ ಹಾಗೆ. ಎದ್ದು ಹೆಬ್ಬೆರಳಿನಿಂದ ಒತ್ತಿ ಸರಿಮಾಡಬೇಕೆನ್ನಿಸಿತು. ಥೂ, ಇದೇನು ಹುಚ್ಚು ಎಂದುಕೊಂಡು ತೊಡೆಯ ಮೇಲಿದ್ದ ಕೈಚೀಲವನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಚೀಲದೊಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಬಿಳಿ ಅಂಗಿ ಇತ್ತು. ಅದರ ಕಾಲರ್ ಇದಕ್ಕಿಂತ ಕೆಟ್ಟದಾಗಿತ್ತು. ಅದನ್ನು ಹಾಗೆ ಕೆಡಿಸಿದವನು ಬೇರೆ ಯಾರೂ ಅಲ್ಲ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾಲ್ಕು ಜನ ಹೆಸರು ಹೇಳುವ ಟೈಲರ್ ಹಾಲಸ್ವಾಮಿಯೇ. ಈ ಸಂಗತಿಯನ್ನು ಅವನು ಇಡೀ ಭೂಮಿಯ ಮೇಲೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇವತ್ತು ಭದ್ರಾವತಿಗೆ ಹೋಗಿ ಅದನ್ನು ಇನ್ನೊಬ್ಬನಿಗೆ ಹೇಳಬೇಕಾಗಿತ್ತು.

ಹೇಳಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಹೆಂಡತಿ ದಾಕ್ಷಾಯಣಿ ರೊಟ್ಟಿ ತಟ್ಟುತ್ತಾ, "ಹೋಗಿ ಆ ಮೊಹಿದ್ದೀನ್ ಸಾಬ್ರನ್ನ ಕರ್ಕೊಂಡ್ ಬನ್ನಿ ಅತ್ಲಾಗೆ. ದೀಪಾವಳಿ ಹತ್ರ ಬಂತು. ಈಗ ನೀವು ಮಾಡೋ ಕಾಲರ್ ನೋಡಿ ಜನ ಮುಖ ಸಿಂಡರಿಸ್ತಾರೆ. ತಪ್ಪು ಅವರದೇ ಇರ್ಲಿ, ಮನುಷ್ಯ ಅಂದಮೇಲೆ ಒಂದ್ಸಲ ಕೈ ತಪ್ಪಲ್ವೇನ್ರಿ? ಕ್ಷಮಿಸಿದೀನಿ ಬಾ ಅನ್ನಿ, ನಿಮ್ಮ ಗಂಟೇನು ಹೋಗುತ್ತೆ?" ಎಂದಿದ್ದಳು. ಕ್ಷಮಿಸಿದೀನಿ ಅನ್ನಬೇಕಂತೆ! ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡು ಅವನು ಕೆಮ್ಮಿದ ಕೆಮ್ಮಿಗೆ ಕಣ್ಣಲ್ಲಿ ನೀರು ಬಂದಿತ್ತು. ನೆತ್ತಿ ತಟ್ಟಿದ ಹೆಂಡತಿ, ಯಾರೋ ನೆನೆಸ್ಕೊಂಡ್ರು ಕಾಣ್ತದೆ ಎಂದು ನಕ್ಕಿದ್ದಳು. ಅವಳು ಒಲೆಯ ಕಡೆ ತಿರುಗಿದ್ದೇ ಅವನು ಬೀರುವಿನ ತಳದಿಂದ ಆ ಅಂಗಿಯನ್ನು ಎಳೆದು ಚೀಲಕ್ಕೆ ತುರುಕಿದ. ತಂದಿದ್ದೇನೆ ಅಂದಮಾತ್ರಕ್ಕೆ ತೋರಿಸಲೇಬೇಕೆಂದೇನೂ ಇಲ್ಲವಲ್ಲ ಎಂದು ಬಸ್ಸು ತುಂಗೆಯ ಸೇತುವೆ ದಾಟುವಾಗಲೇ ಒಂದು ಸಲ ಅಂದುಕೊಂಡಾಗಿತ್ತು.

ಮೊಹಿದ್ದೀನ್ ಹದಿನೆಂಟು ವರ್ಷ ಅವನ ಅಂಗಡಿಯಲ್ಲಿ ಕಾಲರಿನ ಕೆಲಸ ಮಾಡಿದವನು. ತೋಳು, ಜೇಬು, ಗುಂಡಿಕಾಜ, ಇವನ್ನೆಲ್ಲ ಯಾರು ಬೇಕಾದರೂ ಹೊಲಿಯುತ್ತಾರೆ. ಅಂಗಿಯ ಮರ್ಯಾದೆ ಇರುವುದು ಕುತ್ತಿಗೆಯ ಸುತ್ತ. ಹೊರಗೆ ಎರಡು ಪದರ ಅಂಗಿಬಟ್ಟೆ, ನಡುವೆ ಬಕ್ರಮ್ಮಿನ ಪಟ್ಟಿ, ತೆಳ್ಳಗೆ ಮೈದಾ ಅಂಟು ಸವರಿ ಕೆಂಡದ ಇಸ್ತ್ರಿ ಒತ್ತಿದರೆ ಮೂರೂ ಒಂದೇ ಜೀವ ಆಗಬೇಕು. ಅದಕ್ಕೆ ಮೊದಲು ಬಕ್ರಂ ನೀರು ಕುಡಿದಿರಬೇಕು. ಒಂದು ಹಗಲು ಒಂದು ರಾತ್ರಿ ತೊಟ್ಟಿಯಲ್ಲಿ ನೆನೆದು, ಎರಡು ಸಲ ನೀರು ಬದಲಾಗಿ, ನೆರಳಲ್ಲಿ ಒಣಗಿ, ಎಷ್ಟು ಕುಗ್ಗಬೇಕೋ ಅಷ್ಟೂ ಮೊದಲೇ ಕುಗ್ಗಿಬಿಡಬೇಕು. ಇಲ್ಲದಿದ್ದರೆ ಅಂಗಿ ಮೊದಲ ಸಲ ನೀರಿಗೆ ಬಿದ್ದಾಗ ಒಳಗಿನದು ಕುಗ್ಗುತ್ತದೆ, ಮೇಲಿನದು ಕುಗ್ಗುವುದಿಲ್ಲ, ಕಾಲರಿನ ತುಂಬಾ ಗುಳ್ಳೆ ಏಳುತ್ತದೆ. ಏಳು ಸಲ ಇಸ್ತ್ರಿ ಮಾಡಿದರೂ ಆ ಗುಳ್ಳೆ ಕೂರುವುದಿಲ್ಲ. ಮೊಹಿದ್ದೀನ್ ಹೀಗೆ ನೆನೆಸಿ ಒಣಗಿಸಿ ಕತ್ತರಿಸಿದ ಪ್ರತಿಯೊಂದು ಪಟ್ಟಿಯ ಬುಡದಲ್ಲೂ, ಹೊಲಿಗೆಯೊಳಗೆ ಹೂತುಹೋಗುವ ಕಡೆ, ಕಪ್ಪು ದಾರದಲ್ಲಿ ಗೋಧಿಕಾಳಿನಷ್ಟು ಉದ್ದದ ಒಂದು ಹೊಲಿಗೆ ಹಾಕುತ್ತಿದ್ದ. ನೀರು ಕಂಡದ್ದಕ್ಕೆ ಅದು ಗುರುತು. "ಯಾರಿಗೆ ಕಾಣ್ತದೆ ಅಂತ ಹಾಕ್ತೀಯೋ ಮಾರಾಯ?" ಎಂದು ಹಾಲಸ್ವಾಮಿ ಛೇಡಿಸಿದರೆ, "ಕಾಣೋರಿಗಲ್ಲ ಮೇಷ್ಟ್ರೆ. ಬಿಚ್ಚೋರಿಗೆ," ಎನ್ನುತ್ತಿದ್ದ. ಬಿಚ್ಚುವ ಕಾಲ ಬರುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಚೈತ್ರದಲ್ಲಿ ಪಾತ್ರೆ ಅಂಗಡಿಯ ಏಕಾಂತಪ್ಪನ ತಮ್ಮನ ಮದುವೆ. ಗಂಡಿನ ಕಡೆಯ ಹನ್ನೆರಡು ಜನಕ್ಕೆ ಒಂದೇ ಥಾನಿನ ಬಿಳಿ ಅಂಗಿ. ಮೊಹಿದ್ದೀನ್ ಹನ್ನೆರಡು ಪಟ್ಟಿ ಕತ್ತರಿಸಿ, ಗುರುತು ಹಾಕಿ, ಕಟ್ಟು ಕಟ್ಟಿ ಇಟ್ಟ ದಿನವೇ ಶಿಕಾರಿಪುರದಿಂದ ಅವನ ಹೆಂಡತಿಯ ಅಣ್ಣ ತೀರಿಕೊಂಡ ಸುದ್ದಿ ಬಂತು. ಅವನು ಹೋದ ಮಾರನೆಯ ದಿನ ಗಾಜನೂರು ಅಣೆಕಟ್ಟಿನ ಕಡೆಯ ಒಬ್ಬ ಇಂಜಿನಿಯರು ಬಂದು, ನಾಡಿದ್ದು ಬೆಂಗಳೂರಿಗೆ ಹೋಗಬೇಕು, ಎಷ್ಟಾದರೂ ಸರಿ, ಡಜನ್ ಅಂಗಿ ಆಗಬೇಕು ಎಂದ. ಇಂಗ್ಲಿಷಿನಲ್ಲಿ ಎಂದ. ಅದೇ ಆದದ್ದು. ಇಂಗ್ಲಿಷಿನಲ್ಲಿ ಮಾತಾಡುವವನ ಮುಂದೆ ಆಗುವುದಿಲ್ಲ ಎನ್ನುವ ಮಾತು ಹಾಲಸ್ವಾಮಿಯ ಬಾಯಿಗೆ ಬರುವುದಿಲ್ಲ, ಹಾಳು ಬಾಯಿ. ಮೊಹಿದ್ದೀನನ ಹನ್ನೆರಡು ಪಟ್ಟಿ ಇಂಜಿನಿಯರನ ಕುತ್ತಿಗೆಗೆ ಹೋದವು. ನೆನೆಸಿ ಒಣಗಿಸಲು ಮದುವೆಗೆ ದಿನ ಉಳಿದಿಲ್ಲವೆಂದು ಏಕಾಂತಪ್ಪನ ಅಂಗಿಗಳಿಗೆ ಅವನು ಹೊಸ ಥಾನಿನಿಂದ, ನೀರಿನ ಮುಖ ಕಾಣದ ಬಕ್ರಂ ಕತ್ತರಿಸಿ, ತಾನೇ ಅಂಟು ಹಚ್ಚಿ, ತಾನೇ ಇಸ್ತ್ರಿ ಒತ್ತಿ ಮುಗಿಸಿದ. ಮದುವೆಯ ದಿನ ಒಗೆದು ಯಾರು ಉಡುತ್ತಾರೆ? ಮೂರು ದಿನ ಗಟ್ಟಿ ನಿಂತರೆ ಸಾಕು, ಆಮೇಲಿನದು ಅಗಸನ ತಲೆಗೆ ಕಟ್ಟಿದರಾಯಿತು. ಹೀಗೆಲ್ಲ ಲೆಕ್ಕ ಹಾಕಿದ್ದ. ಏಕಾಂತಪ್ಪನ ತಾಯಿ ಬಂಗಾರಮ್ಮನ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಬಜಾರಿನಿಂದ ಬಂದ ಬಟ್ಟೆ, ಅದರಲ್ಲೂ ಸಾಬರ ಕೈ ಮುಟ್ಟಿದ್ದು, ನೀರಿಗೆ ಹಾಕದೆ ದೇವರ ಮುಂದೆ ಹೇಗೆ ಉಡುವುದು ಎಂದು ಆಯಮ್ಮ ಹಿಂದಿನ ದಿನ ಹನ್ನೆರಡನ್ನೂ ಹಂಡೆಯಲ್ಲಿ ಅದ್ದಿ ಹಿತ್ತಲಲ್ಲಿ ಒಣಹಾಕಿಬಿಟ್ಟಳು. ಮೈಲಿಗೆ ಹೋಯಿತು, ಗುಳ್ಳೆ ಬಂತು. ಬೇರೆ ಅಂಗಿ ತರಲು ಹೊತ್ತಿಲ್ಲದೆ ಹನ್ನೆರಡು ಗಂಡಸರೂ ಅದನ್ನೇ ತೊಟ್ಟು ಬೀಗರ ಮುಂದೆ ನಿಂತರು, ಗುಂಪಿನ ಫೋಟೋ ತೆಗೆಸಿಕೊಂಡರು.

ಭದ್ರಾವತಿ ಹತ್ತಿರ ಬಂದದ್ದು ಮೂಗಿಗೆ ಮೊದಲು ಗೊತ್ತಾಯಿತು; ಕಬ್ಬಿಣ ಕಾಸುವ ವಾಸನೆ. ಕಾರ್ಖಾನೆಯ ಹೊಗೆಯ ಕೊಳವೆಗಳು ಕಂಡದ್ದೇ ಹಾಲಸ್ವಾಮಿ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದ. ಅವತ್ತೂ ಮೇಜಿನ ಅಂಚನ್ನು ಹೀಗೇ ಹಿಡಿದಿದ್ದ, ಮದುವೆ ಮುಗಿದು ಮೊಹಿದ್ದೀನ್ ಕೆಲಸಕ್ಕೆ ಮರಳಿದ ಮೇಲೆ, ಏಕಾಂತಪ್ಪನ ಆಳು ಒಂದು ಅಂಗಿಯನ್ನು ತಂದು ಕಟಿಂಗ್ ಮೇಜಿನ ಮೇಲೆ ಎಸೆದು, "ಧಣಿ ಕರೀತಾರೆ. ನೀವು ಬರ್ಬೇಕಂತೆ, ಸಾಬ್ರೂ ಬರ್ಬೇಕಂತೆ," ಎಂದಾಗ. ಪಾತ್ರೆ ಅಂಗಡಿಯ ಮುಂದೆ ಏಳೆಂಟು ಗಿರಾಕಿಗಳು, ಎಲ್ಲರ ಕೈಯಲ್ಲೂ ಒಂದೊಂದು ಚೆಂಬು. "ಹನ್ನೆರಡು ಜನದ ಕುತ್ತಿಗೆ ಮೇಲೆ ಹಪ್ಪಳ ಕರಿದಿಟ್ಟಿದೀಯಲ್ಲೋ ಹಾಲಸ್ವಾಮಿ! ಹೆಣ್ಣಿನ ಕಡೆಯೋರು ಸಂತೇಲಿ ತಂದ ಅಂಗಿಯಾ ಅಂತ ಕೇಳಿದ್ರು," ಎಂದು ಏಕಾಂತಪ್ಪ ಕೂಗಿದಾಗ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಕೆಡಿಸಿದ್ದು. ಬಯ್ದಿದ್ದರೆ ನುಂಗಿಕೊಳ್ಳುತ್ತಿದ್ದ. "ಬಕ್ರಂ ಕೆಲಸ ನನ್ನದಲ್ಲ. ಇವನದು," ಎಂದು ಅವನ ಬಾಯಿ ತಾನಾಗಿ ಹೇಳಿತು. ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದ ಮೊಹಿದ್ದೀನ್ ಗಾಬರಿಯಾಗಲಿಲ್ಲ. "ಒಂದು ಬಿಚ್ಚಿ ನೋಡೋಣ ಮೇಷ್ಟ್ರೆ. ನನ್ನ ದಾರ ಇದೆಯೋ ಇಲ್ವೋ, ಗೊತ್ತಾಗಿಬಿಡುತ್ತೆ," ಎಂದ. ಎಷ್ಟು ಸಮಾಧಾನವಾಗಿ ಎಂದ! ತನ್ನ ಕೈ ತನಗೆ ಗೊತ್ತಿದ್ದವನ ಸಮಾಧಾನ. ಆಗ ಹಾಲಸ್ವಾಮಿ, "ನೋಡೋದೇನಿದೆ? ಬೆಳಿಗ್ಗೆ ಕಳಿಸಿದ್ರಲ್ಲ, ಆ ಅಂಗೀನ ಬಿಚ್ಚಿ ನೋಡ್ದೆ. ನಿನ್ನ ಕಪ್ಪು ದಾರ ಇದೆ," ಎಂದ. ಇದೆ. ಎರಡಕ್ಷರ. ಮೊಹಿದ್ದೀನನ ಮುಖ ಅಲ್ಲಿಗೆ ಆರಿಹೋಯಿತು. ಅವನು ಏನೂ ವಾದಿಸಲಿಲ್ಲ. ಮಾರನೆಯ ದಿನ ತನ್ನ ಕತ್ತರಿ, ಬೆರಳಿಗೆ ತೊಡುವ ತನ್ನ ಅಂಗುಸ್ತಾನ ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಭದ್ರಾವತಿಗೆ ಹೊರಟುಹೋದ. ಅವನಿಗೆ ಎಲ್ಲ ಗೊತ್ತಿತ್ತು, ನನ್ನ ಮಾನ ಉಳಿಸಲೆಂದು ಬಾಯಿ ಮುಚ್ಚಿಕೊಂಡ ಎಂದು ಹಾಲಸ್ವಾಮಿ ಏಳು ತಿಂಗಳಿಂದ ನಂಬಿದ್ದ. ಆ ನಂಬಿಕೆ ಎಷ್ಟು ಚುಚ್ಚುತ್ತಿತ್ತೋ ಅಷ್ಟೇ ಆಸರೆಯೂ ಆಗಿತ್ತು. ಗೊತ್ತಿರುವವನಿಗೆ ಹೊಸದಾಗಿ ಹೇಳುವುದು ಅಷ್ಟು ಕಷ್ಟವಲ್ಲ.

ಭದ್ರಾ ಸೇತುವೆ ದಾಟಿ ಮೂರನೆಯ ಓಣಿಯಲ್ಲಿ ಮನೆ ಸಿಕ್ಕಿತು. ಜಗಲಿಯ ಮೇಲೆ ಹಳೆಯ ಮಿಷನ್ನು, ಅದರ ಮುಂದೆ ಬೆನ್ನು ಬಗ್ಗಿಸಿ ಖಾಕಿ ಅಂಗಿ ಹೊಲಿಯುತ್ತಿದ್ದ ಮೊಹಿದ್ದೀನ್ ತಲೆಯೆತ್ತಿ, ಒಂದು ಕ್ಷಣ ಗುರುತೇ ಸಿಗದವನಂತೆ ನೋಡಿ, ದಡಬಡನೆ ಎದ್ದು ನಿಂತ. "ಮೇಷ್ಟ್ರೆ! ನೀವ್ಯಾಕೆ ಬರಕ್ಕೆ ಹೋದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ," ಎಂದು ತಾನು ಕೂತಿದ್ದ ಸ್ಟೂಲನ್ನೇ ಪಂಚೆಯ ತುದಿಯಿಂದ ಒರೆಸಿ ಮುಂದೆ ತಳ್ಳಿದ. ಇಳಿದುಹೋಗಿದ್ದ. ಗಡ್ಡ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಹಾಲಸ್ವಾಮಿಯ ಕಣ್ಣು, ಅದರ ಹಾಳು ಚಾಳಿ, ಖಾಕಿ ಅಂಗಿಯ ಕಾಲರಿಗೆ ಹೋಯಿತು. ಬರೀ ಬಟ್ಟೆ, ಒಳಗೆ ಏನೂ ಇಲ್ಲ, ಮಕ್ಕಳ ಜುಬ್ಬದ ಕಾಲರಿನ ಹಾಗೆ ಮೆತ್ತಗೆ ಬಿದ್ದುಕೊಂಡಿತ್ತು. "ಕುಲುಮೆ ಮುಂದೆ ನಿಲ್ಲೋರಿಗೆ ಗಟ್ಟಿ ಕಾಲರ್ ಆಗಲ್ಲ ಮೇಷ್ಟ್ರೆ, ಬೆವರಿಗೆ ಕತ್ತು ಉಜ್ಜಿ ಗಾಯ ಆಗುತ್ತೆ. ನನಗೂ ಇದೇ ಸುಖ," ಎಂದು ಮೊಹಿದ್ದೀನ್ ಕೇಳದೆಯೇ ಹೇಳಿದ. ಅವನ ಹೆಂಡತಿ ಅಮೀನಾ ಬೀ ಬಾಗಿಲ ಪರದೆ ಸರಿಸಿ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಿಂದ ಹೋಗಿ ಓಣಿಯ ಮೂಲೆಯ ಅಂಗಡಿಯಿಂದ ಒಂದು ಗೋಲಿ ಸೋಡಾ ಹಿಡಿದು ಬಂದಳು. ಇವರು ನಮ್ಮ ಮನೆಯ ನೀರು ಕುಡಿಯುವುದಿಲ್ಲ ಎಂದು ಅವಳಿಗೆ ಗೊತ್ತು, ಹದಿನೆಂಟು ವರ್ಷದಿಂದ ಗೊತ್ತು. ಬಾಟಲಿಯನ್ನು ಕೈಗೆ ಕೊಡದೆ, ತೊಳೆದು, ಜಗಲಿಯ ಕಟ್ಟೆಯ ಮೇಲೆ ಇಟ್ಟಳು. ಅದರಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೇ ಇತ್ತು. ಹಾಲಸ್ವಾಮಿಗೆ ಮಾತ್ರ ಬಂಗಾರಮ್ಮನ ಹಂಡೆಯ ನೆನಪಾಯಿತು.

ಆಗ ಅವನು ಅಂಗಳದ ಹಗ್ಗವನ್ನು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಬಕ್ರಮ್ಮಿನ ಪಟ್ಟಿಗಳು ತೂಗುತ್ತಿದ್ದವು. ಇಪ್ಪತ್ತಿರಬಹುದು, ಮೂವತ್ತಿರಬಹುದು. ಕೆಲವು ಎಷ್ಟು ಸಲ ನೆನೆದಿದ್ದವೆಂದರೆ ಹಸುಗೂಸಿನ ಬಟ್ಟೆಯ ಹಾಗೆ ಜಾಳಾಗಿದ್ದವು. ಮೆತ್ತನೆಯ ಕಾಲರ್ ಹೊಲಿಯುವವನ ಮನೆಯಲ್ಲಿ ಇಷ್ಟೊಂದು ಬಕ್ರಂ ಯಾಕೆ? "ಅದಾ?" ಮೊಹಿದ್ದೀನ್ ನಾಚಿಕೊಂಡವನಂತೆ ನಕ್ಕ. "ಪರೀಕ್ಷೆ ಮಾಡ್ತಿರ್ತೀನಿ ಮೇಷ್ಟ್ರೆ. ಅರ್ಧ ದಿನ ನೆನೆಸೋದು, ಅಳೆಯೋದು. ಒಂದು ದಿನ ನೆನೆಸೋದು, ಅಳೆಯೋದು. ಒಂದು ದಿನ ಒಂದು ರಾತ್ರಿ ನೆನೆದ್ಮೇಲೆ ಒಂದು ನೂಲೆಳೆಯಷ್ಟೂ ಕುಗ್ಗಲ್ಲ. ಮತ್ತೆ ಆ ಹನ್ನೆರಡು ಹೆಂಗೆ ಕುಗ್ಗಿದ್ವು? ನನ್ನ ದಾರ ಇತ್ತು ಅಂತ ನೀವೇ ಕಣ್ಣಾರೆ ನೋಡಿದೀರಿ. ಅಂದ್ಮೇಲೆ ಪೂರ್ತಿ ನೆನೆಯೋ ಮೊದ್ಲೇ ತೊಟ್ಟಿಯಿಂದ ತೆಗ್ದು ಗುರುತು ಹಾಕ್ಬಿಟ್ಟಿದೀನಿ. ಯಾವಾಗ ತೆಗ್ದೆ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ ಮೇಷ್ಟ್ರೆ. ಅದೇ ನನಗೆ ಹೆದರಿಕೆ. ಕೈ ತಪ್ಪಿದ್ರೆ ಹೋಗ್ಲಿ ಅನ್ಬಹುದು, ತಪ್ಪಿದ್ದು ಕೈಗೇ ಗೊತ್ತಿಲ್ವಲ್ಲ! ಸ್ಕೂಲ್ ಮೇಷ್ಟ್ರೊಬ್ರು ಕಾಲರ್ ಹೊಲ್ಕೊಡಿ ಅಂತ ಬಂದ್ರು. ಆಗಲ್ಲ ಸ್ವಾಮಿ ಅಂದ್ಬಿಟ್ಟೆ."

ಹಾಲಸ್ವಾಮಿಗೆ ಕೂತ ಸ್ಟೂಲು ಕುಸಿದಂತಾಯಿತು. ಇವನಿಗೆ ಗೊತ್ತಿಲ್ಲ. ಅಯ್ಯೋ ಶಿವನೆ, ಇವನಿಗೆ ಏನೂ ಗೊತ್ತಿಲ್ಲ! ಇವನು ನನ್ನನ್ನು ಉಳಿಸಲಿಲ್ಲ, ಸುಮ್ಮನೆ ನಂಬಿದ. ಮೇಷ್ಟ್ರು ಬಿಚ್ಚಿ ನೋಡಿದೆ ಅಂದರು, ಬಿಚ್ಚಿ ನೋಡಿದ್ದಾರೆ, ಮುಗಿಯಿತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೊಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಅವೆಲ್ಲ ಗೊತ್ತಿದ್ದವನಿಗೆ ಕಟ್ಟಿದ ಮಾತು. ಅವನು ಬಾಯಿ ತೆರೆಯುವಷ್ಟರಲ್ಲಿ ಅಮೀನಾ ಬೀ ಬಾಗಿಲ ಹತ್ತಿರ ನೆಲದ ಮೇಲೆ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಾತಿಗೆ ಶುರುಮಾಡಿದಳು. "ಅಣ್ಣಾವ್ರೆ, ತಪ್ಪು ಇವರದಲ್ಲ, ನಂದು. ನಮ್ಮಣ್ಣ ಸತ್ತ ಸುದ್ದಿ ಬಂತಲ್ಲ, ನಡೀರಿ ನಡೀರಿ, ಮೈಯತ್ತು ಎತ್ಬಿಡ್ತಾರೆ, ಮುಖ ನೋಡಕ್ಕೂ ಸಿಗಲ್ಲ ಅಂತ ನಾನೇ ಬಾಯಿ ಬಡ್ಕೊಂಡೆ. ಆ ಗಡಿಬಿಡೀಲೇ ಇವರ ಕೈ ತಪ್ಪಿರೋದು. ಒಂದು ದಿನವೂ ಇವರು ನನ್ನ ಅಂದಿಲ್ಲ. ಅಂದಿಲ್ಲ ಅಂದ್ರೇನು, ನಂಗೆ ಗೊತ್ತಾಗಲ್ವಾ? ನಮ್ಮಣ್ಣನ ಹೆಸ್ರೇ ಈ ಮನೇಲಿ ಎತ್ತಂಗಿಲ್ಲ. ನಿಮಗೆ ನಾಲ್ಕು ಜನದ ಮುಂದೆ ಅವಮಾನ ಆಯ್ತು. ಮಾಫ್ ಮಾಡಿ ಅಣ್ಣಾವ್ರೆ." ಅವಳು ನಿಜವಾಗಿಯೂ ಎರಡೂ ಕೈ ಜೋಡಿಸಿದಳು.

"ಆಗಿದ್ದಾಯ್ತು ಬಿಡಮ್ಮ," ಎಂದ ಹಾಲಸ್ವಾಮಿ.

ಹೌದು, ಹಾಗೇ ಎಂದ. ದೊಡ್ಡ ಮನುಷ್ಯನ ದನಿಯಲ್ಲಿ, ತಲೆ ಸ್ವಲ್ಪ ಓರೆ ಮಾಡಿ. ಆ ದನಿ ಎಲ್ಲಿಂದ ಬಂತೋ ದೇವರೇ ಬಲ್ಲ. ಗೋಲಿ ಒತ್ತಿ ಸೋಡಾ ಬಾಯಿಗೆ ಸುರಿದುಕೊಂಡ. ಮೂಗಿಗೆ ಏರಿತು. ನಾಚಿಕೆ ಎಂದರೆ ಏನೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದ. ಪಾತ್ರೆ ಅಂಗಡಿಯ ಮುಂದೆ ಕಿಸಕ್ಕೆಂದ ನಗುವೇ ನಾಚಿಕೆ ಎಂದುಕೊಂಡಿದ್ದ. ಅದು ಏನೂ ಅಲ್ಲ, ಚರ್ಮದ ಮೇಲಿನ ತುರಿಕೆ. ಇದು ಎಲುಬಿನೊಳಗಿನದು. ಆದರೂ ನಾಲಿಗೆ ತನ್ನ ದಾರಿಯಲ್ಲೇ ಹೊರಟಿತು: "ಆ ಮಾತೆಲ್ಲ ಬಿಟ್ಬಿಡೋಣ ಮೊಹಿದ್ದೀನ್. ದೀಪಾವಳಿ ಕೆಲಸ ತುಂಬಿಹೋಗಿದೆ. ನಿನ್ನ ಜಾಗ ಹಂಗೇ ಇದೆ. ಬಂದ್ಬಿಡು." ಎಷ್ಟು ಸುಲಭ! ಹೀಗೇ ನಡೆದುಹೋದರೆ ಏನೂ ಹೇಳಬೇಕಾಗಿಲ್ಲ. ಇವನು ಬರುತ್ತಾನೆ, ಕಾಲರ್ ನಿಲ್ಲುತ್ತದೆ, ಅಂಗಡಿ ನಿಲ್ಲುತ್ತದೆ, ಏಕಾಂತಪ್ಪ ಕೂಡ ಕ್ಷಮಿಸಿದ ಹಾಲಸ್ವಾಮಿಯ ಮನಸ್ಸನ್ನು ಹೊಗಳುತ್ತಾನೆ.

ಮೊಹಿದ್ದೀನ್ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಬೇಡ ಮೇಷ್ಟ್ರೆ. ಈ ಕೈ ನಂಬ್ಕೊಂಡು ನಿಮ್ಮ ಅಂಗಡಿ ಮೆಟ್ಟಿಲು ಹತ್ತಲ್ಲ. ಇನ್ನೊಂದ್ಸಲ ಆದ್ರೆ ನಾನು ಸತ್ತೇ ಹೋಗ್ತೀನಿ."

ಅದನ್ನು ಅವನು ಅಳುತ್ತಾ ಹೇಳಿದ್ದರೆ ಹಾಲಸ್ವಾಮಿ ಸಮಾಧಾನ ಮಾಡಿ ಎದ್ದು ಬಂದುಬಿಡುತ್ತಿದ್ದನೇನೋ. ಮಳೆ ಬರಬಹುದು ಎನ್ನುವ ಹಾಗೆ ಹೇಳಿದ. ಹಾಲಸ್ವಾಮಿ ಚೀಲಕ್ಕೆ ಕೈಹಾಕಿ, ಪೇಪರು ಸಮೇತ ಅಂಗಿಯನ್ನು ಎಳೆದು, ಮಿಷನ್ನಿನ ಮೇಲೆ ಹಾಕಿದ. "ಬಿಚ್ಚು," ಎಂದ.

ಮೊಹಿದ್ದೀನ್ ಅಂಗಿಯನ್ನು ಎತ್ತಿಕೊಂಡ. ಗುಳ್ಳೆಗಳ ಮೇಲೆ ಬೆರಳು ಆಡಿಸಿದ. ಕಾಲರನ್ನು ಮಗುಚಿ ಹೊಲಿಗೆ ನೋಡಿದ, ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದ. "ಇದು ಬಿಚ್ಚೇ ಇಲ್ವಲ್ಲ. ಮೊದಲ್ನೇ ಹೊಲಿಗೆ ಹಂಗೇ ಇದೆ. ನೀವು ಬಿಚ್ಚಿ ನೋಡಿದ್ದು ಬೇರೆ ಅಂಗೀನಾ ಮೇಷ್ಟ್ರೆ?"

"ಯಾವುದನ್ನೂ ಬಿಚ್ಚಿರ್ಲಿಲ್ಲ."

ಓಣಿಯಲ್ಲಿ ಯಾರೋ ತಮಿಳಿನಲ್ಲಿ ಮಗುವನ್ನು ಕರೆಯುತ್ತಿದ್ದರು. ಮೊಹಿದ್ದೀನ್ ಬ್ಲೇಡು ತೆಗೆದುಕೊಂಡು ಕಾಲರಿನ ಬುಡದ ಹೊಲಿಗೆಯನ್ನು ಒಂದೊಂದೇ ಕುಯ್ದ. ಅವಸರವಿಲ್ಲ. ಅಂಟಿದ ಪದರ ಪರ್ರೆಂದು ಬಿಟ್ಟುಕೊಂಡಿತು. ಒಳಗಿನ ಪಟ್ಟಿಯನ್ನು ಹೊರಗೆಳೆದು ಬುಡವನ್ನು ನೋಡಿದ, ತಿರುಗಿಸಿ ಆ ಬದಿ ನೋಡಿದ. ಬೆಳ್ಳಗಿತ್ತು. ದಾರವೂ ಇಲ್ಲ, ದಾರ ಹೋದ ಸೂಜಿಯ ತೂತೂ ಇಲ್ಲ. "ನಿನ್ನ ಪಟ್ಟಿಗಳನ್ನ ಇಂಜಿನಿಯರ್ ಅಂಗಿಗೆ ಹಾಕ್ದೆ. ಇದು ಹೊಸ ಥಾನಿಂದು. ನೀರಿಗೆ ಹಾಕ್ದೇ ನಾನೇ ಕತ್ತರಿಸ್ದೆ. ಆ ಜನದ ಮುಂದೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಸುಳ್ಳು ಹೇಳ್ದೆ," ಎಂದ ಹಾಲಸ್ವಾಮಿ. ಎಂದು, ತಲೆ ತಗ್ಗಿಸಿ, ಹೊಡೆತಕ್ಕೆ ಬೆನ್ನು ಕೊಟ್ಟವನ ಹಾಗೆ ಕೂತ.

ಹೊಡೆತ ಬೀಳಲಿಲ್ಲ. "ಎಲ್ಲಾ ಹನ್ನೆರಡೂ?" ಎಂದು ಮೊಹಿದ್ದೀನನ ದನಿ ಕೇಳಿತು. "ಎಲ್ಲಾ." ಹಾಲಸ್ವಾಮಿ ಕಣ್ಣೆತ್ತಿದಾಗ ಮೊಹಿದ್ದೀನ್ ನಗುತ್ತಿದ್ದ. ವ್ಯಂಗ್ಯದ ನಗುವಲ್ಲ, ಹಲ್ಲೆಲ್ಲ ಕಾಣುವ, ಗಡ್ಡವೆಲ್ಲ ಅಲುಗುವ ನಗು. "ಅಮೀನಾ! ನೋಡಿಲ್ಲಿ, ನನ್ನ ದಾರ ಇಲ್ಲ! ನನ್ನ ಕೈಯಲ್ಲ ಇದು! ನಾನು ತೆಗೆದೇ ಇಲ್ಲ ಕಣೇ, ಅದಕ್ಕೇ ನೆನಪಿಗೆ ಬರ್ತಿರ್ಲಿಲ್ಲ!" ಎಂದು ಆ ಪಟ್ಟಿಯನ್ನು ಹೆಂಡತಿಯ ಮುಖದ ಮುಂದೆ ಆಡಿಸಿದ. ಅಂಗಳಕ್ಕೆ ಇಳಿದು ಹಗ್ಗದ ಮೇಲಿನ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಎಳೆದು ತೋಳಿನ ಮೇಲೆ ಹಾಕಿಕೊಳ್ಳತೊಡಗಿದ. ಬಯ್ಗುಳಕ್ಕೂ ಕ್ಷಮೆಗೂ ಸಿದ್ಧನಾಗಿ ಬಂದಿದ್ದ ಹಾಲಸ್ವಾಮಿಗೆ ಎರಡೂ ಸಿಗಲಿಲ್ಲ. ಅವನು ಅಲ್ಲಿ ಕೂತಿದ್ದಾನೆಂಬುದನ್ನೇ ಆ ಮನುಷ್ಯ ಮರೆತಿದ್ದ.

ಅಮೀನಾ ಬೀ ಮರೆತಿರಲಿಲ್ಲ. ಅವಳು ನಗಲಿಲ್ಲ. ಜೋಡಿಸಿದ್ದ ಕೈಗಳನ್ನು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು ಹಾಲಸ್ವಾಮಿಯನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದಳು. "ಏಳು ತಿಂಗಳು," ಎಂದಳು. "ನಮ್ಮಣ್ಣನಿಗೆ ನಾನು ನೆಟ್ಟಗೆ ಅಳಲೂ ಇಲ್ಲ," ಎಂದಳು. ಮೊಹಿದ್ದೀನ್ ಅಂಗಳದಿಂದ, "ಹೋಗ್ಲಿ ಬಿಡು..." ಎನ್ನುವ ಹಾಗೆ ಕೈಯಾಡಿಸಿದರೂ ಅವಳು ಆ ಕಡೆ ತಿರುಗಲಿಲ್ಲ. "ಇಲ್ಲಿ ಬಂದು ನಮ್ಮಿಬ್ಬರ ಮುಂದೆ ಹೇಳಿದ್ರೆ ಏನಾಯ್ತು? ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳಿ. ಅಷ್ಟೇ ಜನ ಇರೋವಾಗ ಹೇಳಿ. ಆಮೇಲೆ ಇವರನ್ನ ಕರೀರಿ."

"ಹೇಳ್ತೀನಿ ತಾಯಿ."

"ಹೇಳ್ತಾರೆ," ಎಂದ ಮೊಹಿದ್ದೀನ್, ತೋಳಿನ ತುಂಬ ಬಕ್ರಂ ಹೊತ್ತು ಜಗಲಿ ಹತ್ತುತ್ತಾ. "ಮೇಷ್ಟ್ರು ಹೇಳ್ತೀನಿ ಅಂದ್ರೆ ಹೇಳ್ತಾರೆ." ಮತ್ತೆ ನಂಬಿದ! ಕಣ್ಣೆದುರಿಗೆ ಸುಳ್ಳು ಸೀಳಿ ಬಿದ್ದಿರುವಾಗಲೇ ಇನ್ನೊಂದು ಸಲ ನಂಬಿದ. ಈ ನಂಬಿಕೆಗಿಂತ ಅಮೀನಾ ಬೀಯ ಆ ನೋಟವೇ ವಾಸಿ ಎನ್ನಿಸಿತು ಹಾಲಸ್ವಾಮಿಗೆ. ಹೊರಡುವಾಗ ಅಂಗಿಗೆ ಕೈ ಚಾಚಿದ. "ಇದು ನನ್ನ ಹತ್ರ ಇರ್ಲಿ," ಎಂದು ಮೊಹಿದ್ದೀನ್ ಅದನ್ನು ಮಡಚಿ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡ. ಬೇಡವೆನ್ನಲು ಹಾಲಸ್ವಾಮಿಗೆ ಯಾವ ಬಾಯಿತ್ತು?

ಮಧ್ಯಾಹ್ನ ಮೂರರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಇಳಿದವನು ಮನೆಗೂ ಹೋಗಲಿಲ್ಲ, ಅಂಗಡಿಯ ಬೀಗವನ್ನೂ ತೆಗೆಯಲಿಲ್ಲ. ಹೋದರೆ ಕೂತುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ನೇರ ಪಾತ್ರೆ ಅಂಗಡಿಗೆ ನಡೆದ. ಜನ ಇರಬಾರದೇ ಎಂದು ಒಂದು ಮನಸ್ಸು, ಇರಲಿ ಎಂದು ಇನ್ನೊಂದು. ಇದ್ದರು. ಹಬ್ಬದ ಹತ್ತಿರ, ಎಣ್ಣೆ ನೀರಿನ ಹಂಡೆಗೆ ಕಲಾಯಿ ಹಾಕಿಸುವವರು, ಹಳೆ ಕೊಡ ಕೊಟ್ಟು ಹೊಸ ಕೊಡ ಕೇಳುವವರು, ಹತ್ತು ಜನಕ್ಕೆ ಕಡಿಮೆಯಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಏಕಾಂತಪ್ಪ, ಅವನ ತಲೆಯ ಮೇಲೆ ಗೋಡೆಯಲ್ಲಿ ಮದುವೆಯ ಗುಂಪಿನ ಫೋಟೋ. ಹನ್ನೆರಡು ಕುತ್ತಿಗೆ. ಬಟ್ಟೆ ಹಾಳಾಯಿತೆಂದು ಬಿಸಾಡುವ ಜನವಲ್ಲ ಅವರು. ಏಕಾಂತಪ್ಪ ಈಗಲೂ ಅದೇ ಅಂಗಿ ತೊಟ್ಟಿದ್ದ, ಅಂಗಡಿಯ ದಿನಬಳಕೆಗೆ. ಒಗೆದು ಒಗೆದು ಗುಳ್ಳೆಗಳು ಒಣಗಿದ ಕೆರೆಯ ಮಣ್ಣಿನ ಹಾಗೆ ಒಡೆದು ನಿಂತಿದ್ದವು.

"ಏನಯ್ಯಾ ಹಾಲಸ್ವಾಮಿ, ಮುಖ ಇಷ್ಟುದ್ದ ಆಗಿದೆ?"

"ಏಕಾಂತಪ್ಪೋರೆ, ಒಂದು ಮಾತು ಹೇಳ್ಬೇಕು. ಆ ಮದುವೆ ಅಂಗಿ ಕಾಲರು ಮೊಹಿದ್ದೀನ್ ಮಾಡಿದ್ದಲ್ಲ. ನಾನು ಮಾಡಿದ್ದು. ಅವನ ದಾರ ಇದೆ ಅಂದಿದ್ದು ಸುಳ್ಳು." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹೇಳಿಬಿಟ್ಟೆ! ಕೊಡ ಬಡಿದು ನೋಡುತ್ತಿದ್ದ ಹೆಂಗಸೊಬ್ಬಳು ಬಡಿಯುವುದನ್ನು ನಿಲ್ಲಿಸಿ ಇತ್ತ ತಿರುಗಿದಳು.

ಏಕಾಂತಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. "ಭದ್ರಾವತಿಗೆ ಹೋಗಿದ್ಯಂತೆ, ದಾಕ್ಷಾಯಣಮ್ಮ ನಮ್ಮವ್ವಂಗೆ ಹೇಳ್ತಿದ್ರು. ಆ ಸಾಬ ಅತ್ತು ಕರ್ದು ಮಾಡಿರ್ತಾನೆ, ನೀನು ಕರಗಿಹೋಗಿದೀಯ. ಅವನ ತಪ್ಪನ್ನ ತಲೆ ಮೇಲೆ ಎಳ್ಕೊಂಡು ಇಲ್ಲಿ ಬಂದು ನಿಂತಿದೀಯಲ್ಲ!" ಜನದ ಕಡೆ ತಿರುಗಿದ. "ನೋಡ್ರಪ್ಪ, ಕೆಲಸದೋನಿಗೋಸ್ಕರ ಈ ಕಾಲದಲ್ಲಿ ಯಾರು ಹಿಂಗೆ ಮಾಡ್ತಾರೆ? ಬಂಗಾರದಂಥ ಮನುಷ್ಯ." ಹೌದು ಹೌದು ಎಂದರು ಯಾರೋ. ದೊಡ್ಡ ಮನಸ್ಸು ಎಂದರು ಇನ್ಯಾರೋ. "ಕರ್ಕೊಂಡ್ ಬಾರಯ್ಯ ಅವನ್ನ, ನನಗೇನೂ ಸಿಟ್ಟಿಲ್ಲ."

ಬೆಚ್ಚಗೆ ಏನೋ ಹಾಲಸ್ವಾಮಿಯ ಮೈಮೇಲೆಲ್ಲ ಹರಿಯಿತು. ಇದೂ ಒಂದು ಮುಗಿಯುವ ರೀತಿಯೇ. ಹೇಳುತ್ತೇನೆ ಎಂದವನು ಹೇಳಿದ್ದಾಯಿತು, ಅದೇ ಜಾಗದಲ್ಲಿ, ಅಷ್ಟೇ ಜನರ ಮುಂದೆ. ನಂಬದಿದ್ದರೆ ಅವನ ತಪ್ಪೆ? ಸುಮ್ಮನೆ ಒಂದು ನಕ್ಕು ಇಳಿದುಹೋದರೆ ಸಾಕು. ಹೋಗಿ ಮೊಹಿದ್ದೀನನಿಗೆ ಹೇಳಿದೆ ಅಂದರೆ ಅವನು ನಂಬುತ್ತಾನೆ. ಎಂಥ ಮನುಷ್ಯ, ನಂಬಿಯೇ ನಂಬುತ್ತಾನೆ. ಪಟ್ಟಿ ಭದ್ರಾವತಿಯ ಡ್ರಾಯರಿನಲ್ಲಿದೆ, ಇಲ್ಲಿ ತೋರಿಸಲು ಕೈಯಲ್ಲಿ ಏನೂ ಇಲ್ಲ. ಕೈಯನ್ನು ಜೇಬಿಗೆ ಇಳಿಬಿಟ್ಟ. ಯಾವಾಗಲೂ ಅಲ್ಲೇ ಇರುವ ಸಣ್ಣ ಕತ್ತರಿ ಬೆರಳಿಗೆ ತಣ್ಣಗೆ ತಾಗಿತು.

ಅವನು ಏಕಾಂತಪ್ಪನ ಕುತ್ತಿಗೆಯನ್ನು ನೋಡಿದ. ಇವತ್ತು ಬೆಳಗಿನಿಂದ ಮೊದಲ ಸಲ, ಒಂದು ಕಾಲರಿನಿಂದ ಕಣ್ಣು ತಿರುಗಿಸಲು ಅವನು ಪ್ರಯತ್ನಿಸಲಿಲ್ಲ.

"ಏಕಾಂತಪ್ಪೋರೆ, ಅಂಗಿ ತೆಗೀರಿ," ಎಂದ.

"ಏನಂದೆ?"

"ತೆಗ್ದು ಕೊಡಿ. ಇಷ್ಟೂ ಜನ ಇದಾರಲ್ಲ, ಎಲ್ಲರೂ ಹತ್ರ ಬರ್ಲಿ." ಹಾಲಸ್ವಾಮಿ ಕತ್ತರಿಯನ್ನು ಹೊರಗೆ ತೆಗೆದ. "ಒಂದು ಬಿಚ್ಚಿ ನೋಡೋಣ."

ಏಕಾಂತಪ್ಪ ನಗಲು ಹೋಗಿ, ಅವನ ಮುಖ ನೋಡಿ, ನಿಲ್ಲಿಸಿದ. ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ತನ್ನ ಕತ್ತಿನ ಗುಂಡಿಗೆ ಹಾಕಿದ.